ಓಡಿಹೋದಳು ಅಂದಿದ್ದು ನಾನೇ

ಪುಟ್ಟೀ,

ಭಾನುವಾರ ನೀನು ಹೊರಟು ಅರ್ಧ ಗಂಟೆಗೆ ನಿನ್ನ ಸೋದರತ್ತೆ ಫೋನ್ ಮಾಡಿದ್ದಳು. ಮಗಳೆಲ್ಲಿ ಅಂದಳು. "ಓಡಿಹೋದಳು" ಅಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು. ಬೇರೆಯವರಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡೋಣ ಅಂತ ಈ ಪತ್ರ.

ಜಗಳ ಮತ್ತೆ ಕೆದಕೋದಿಲ್ಲ. ದೋಣಿಯಲ್ಲಿ ಬಂದವರನ್ನು ಸುದ್ದಿಯಲ್ಲಿ "ನುಸುಳುಕೋರರು" ಅಂದಿದ್ದರು. ವಿಚಾರಣೆಗೆ ಮೊದಲೇ ತೀರ್ಪಾ ಅಂದೆ ನೀನು. ಒಂದು ಪದಕ್ಕೆ ಇಷ್ಟು ರಂಪ ಯಾಕೆ ಅಂದೆ ನಾನು.

ನೀನು ಬಿಟ್ಟುಹೋದ ಹಡಗಿನ ಕಾದಂಬರಿ ಎತ್ತಿಡೋಣ ಅಂತ ಹೋದವನು ನಲವತ್ತು ಪುಟ ಓದಿಬಿಟ್ಟೆ. ನೆಪೋಲಿಯನ್ ಕಾಲದ ಬ್ರಿಟಿಷ್ ಯುದ್ಧನೌಕೆ. ಹಗ್ಗ, ಹಾಯಿಗಳ ಹೆಸರು ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ, ಆದರೂ ಕೆಳಗಿಡಲು ಆಗಲಿಲ್ಲ. ಶತ್ರುವಿನ ಹಡಗು ಹಿಡಿದರೆ ಅದಕ್ಕೆ "ಪ್ರೈಜ್" ಅನ್ನೋದು, ದುಡ್ಡು ಹಂಚಿಕೊಳ್ಳೋದು! ಖಾಸಗಿ ಹಡಗಿನವರು ಹೀಗೆ ಹಿಡಿದರೆ, ರಾಜನ ಪರವಾನಗಿ ಇದ್ದರೆ ಪ್ರೈವೇಟಿಯರ್, ಇಲ್ಲದಿದ್ದರೆ ಕಡಲ್ಗಳ್ಳ. 1856ರ ಪ್ಯಾರಿಸ್ ಘೋಷಣೆ ಪ್ರೈವೇಟಿಯರ್ ಪದ್ಧತಿ ರದ್ದು ಮಾಡುವವರೆಗೂ ಹೀಗೇ ನಡೆದಿತ್ತು. ಫ್ರಾನ್ಸಿಸ್ ಡ್ರೇಕ್ ಅನ್ನೋ ನಾವಿಕ ಇಂಗ್ಲೆಂಡಿಗೆ ವೀರ, ಸ್ಪೇನಿಗೆ ಕಳ್ಳ. ಮರಾಠ ನೌಕಾಪಡೆಯ ಕಾನ್ಹೋಜಿ ಆಂಗ್ರೆ ಈಸ್ಟ್ ಇಂಡಿಯಾ ಕಂಪನಿಯವರ ಬರಹದಲ್ಲಿ ಕಡಲ್ಗಳ್ಳ.

ಆದರೆ ನಾನು ಸಿಕ್ಕಿಹಾಕಿಕೊಂಡಿದ್ದು ಒಂದು ಅಕ್ಷರದಲ್ಲಿ. ಹಡಗು ಬಿಟ್ಟುಹೋದ ನಾವಿಕನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ "ಆರ್" ಅಂತ ಬರೆಯುತ್ತಿದ್ದರು. ಆರ್ ಅಂದರೆ ರನ್, ಓಡಿಹೋದವ. ಬಾಕಿ ಸಂಬಳವೂ ಹೋಯಿತು. ಅವನನ್ನು ಬಲವಂತವಾಗಿ ಹಿಡಿದು ತಂದಿದ್ದರೋ, ಮನೆ ನೆನಪಾಗಿ ಹೋದನೋ, ಆ ಅಕ್ಷರ ಹೇಳೋದಿಲ್ಲ. ತಪ್ಪಾಗಿ ಬಿದ್ದಿದ್ದರೆ ಅರ್ಜಿ ಹಾಕಿ ತೆಗೆಸಬೇಕು.

ಮೂರು ರಾತ್ರಿಯಿಂದ ಅದೇ ಅಕ್ಷರ. ನೀನು ಹೋದದ್ದು ಕೆಲಸಕ್ಕೆ. ಟಿಕೆಟ್ ತಿಂಗಳ ಹಿಂದೆಯೇ ಆಗಿತ್ತು. ಚೀಲ ಕೆಳಗೆ ತಂದಿಟ್ಟವನು ನಾನು. ಬಾಗಿಲಲ್ಲಿ ನಿಂತು "ಹೋಗಿಬರ್ತೀನಿ ಅಪ್ಪ" ಅಂದೆ. ಹೋಗಿ, ಬರ್ತೀನಿ. ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಹೆಣ್ಣುಮಗಳ ಬಗ್ಗೆ "ಓಡಿಹೋದಳು" ಅಂದರೆ ಜನ ಏನು ತಿಳಿಯುತ್ತಾರೆ ಅಂತ ಗೊತ್ತಿದ್ದೇ ಅಂದೆ. ತಪ್ಪಾಯ್ತು.

ಹಾಗಂತ ನೀನು ಹೇಳಿದ್ದೆಲ್ಲ ಸರಿ ಅಂದುಕೊಳ್ಳಬೇಡ. "ನಿರಾಶ್ರಿತರು" ಅಂತ ಬರೀಬೇಕಿತ್ತು ಅಂದೆಯಲ್ಲ, ಅದನ್ನೂ ಯಾರಾದರೂ ವಿಚಾರಿಸಿ ನೋಡಬೇಕಲ್ವಾ? ಗೊತ್ತಾಗುವವರೆಗೆ "ದೋಣಿಯಲ್ಲಿ ಬಂದವರು" ಸಾಕು. ಸುದ್ದಿ ಡೆಸ್ಕಿನಲ್ಲಿ ಕೂತ ಮೇಲೆ ಕ್ರಿಯಾಪದಗಳ ಮೇಲೆ ಜಾಸ್ತಿ ಕಣ್ಣಿಡು. "ಹೇಳಿದರು" ಅನ್ನೋ ಕಡೆ "ಒಪ್ಪಿಕೊಂಡರು" ಅಂದರೆ ತಪ್ಪು ಮಾಡಿದ್ದಾರೆ ಅಂತಾಯ್ತು. "ಹೇಳಿಕೊಂಡರು" ಅಂದರೆ ಸುಳ್ಳಿರಬೇಕು ಅಂತಾಯ್ತು. "ಗುಂಡು ಹಾರಿತು" ಅಂದರೆ ಹಾರಿಸಿದವರೇ ಮಾಯ. ಆರೋಪಿ ಬೇರೆ, ಅಪರಾಧಿ ಬೇರೆ...

ನೋಡು, ಪಾಠ ಶುರುವಾಯ್ತು. ಇದೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಅದಕ್ಕೇ ಅಲ್ವಾ ನಿನ್ನನ್ನು ತಗೊಂಡಿದ್ದು. ಅಷ್ಟು ಜನರಲ್ಲಿ ನನ್ನ ಮಗಳನ್ನು! ರಾತ್ರಿ ಪಾಳಿ ಅಂದಿದ್ದೆ. ಮುಗಿಸಿ ಒಬ್ಬಳೇ ಬರುವಾಗ... ಬೇಡ ಬಿಡು. ತಲುಪಿದೆ ಅಂತ ಒಂದು ಮೆಸೇಜ್ ಹಾಕು, ಎಷ್ಟು ಹೊತ್ತಾದರೂ.

ಇಲ್ಲಿಗೆ ನಿಲ್ಲಿಸಿ ಅತ್ತೆಗೆ ಫೋನ್ ಮಾಡಿದೆ. "ಓಡಿಹೋಗಿಲ್ಲ, ಕೆಲಸಕ್ಕೆ ಸೇರೋಕೆ ಹೋಗಿದ್ದಾಳೆ" ಅಂದೆ. "ಗೊತ್ತು ಕಣೋ. ಆವತ್ತೇ ಅವಳಿಗೆ ಫೋನ್ ಮಾಡಿ ಕೇಳಿದೆ" ಅಂದಳು. ನೀನು ಏನಂದೆ ಅಂತ ಕೇಳೋ ಧೈರ್ಯ ಬರಲಿಲ್ಲ.

ಪುಸ್ತಕ ಈಗಲೇ ಕಳಿಸೋದಿಲ್ಲ. ಇನ್ನೂ ನೂರು ಪುಟ ಇದೆ.

ಅಪ್ಪ