ಅಣ್ಣಾವ್ರ ಹಾಡಿನ ಸಂಜೆ: ಹಾಡುವವರ ಗಮನಕ್ಕೆ

ಏಪ್ರಿಲ್ 24ಕ್ಕೆ ಹೆಸರು ಕೊಟ್ಟವರು ಇದನ್ನು ಪೂರ್ತಿ ಓದಿ. ರಾಜ್‌ಕುಮಾರ್ ತಾವೇ ಹಾಡಿದ್ದು ಬೇರೆ, ಅವರಿಗಾಗಿ ಪಿ.ಬಿ. ಶ್ರೀನಿವಾಸ್ ಹಾಡಿದ್ದು ಬೇರೆ. 1974ರ ‘ಸಂಪತ್ತಿಗೆ ಸವಾಲ್’ಗೂ ಮುಂಚೆ ಅವರ ಸ್ವಂತ ದನಿಯ ಹಾಡುಗಳು ತೀರಾ ಕಮ್ಮಿ. ಚೀಟಿಯಲ್ಲಿ ಗಾಯಕರ ಹೆಸರು ನೋಡಿಕೊಂಡು ಬರೆಯಿರಿ.

‘ಜೀವನ ಚೈತ್ರ’ದ ‘ನಾದಮಯ’ಕ್ಕೆ ರಾಷ್ಟ್ರಪ್ರಶಸ್ತಿ ಸುಮ್ಮನೆ ಬಂದಿದ್ದಲ್ಲ. ಕಂಪನಿ ನಾಟಕದಲ್ಲಿ ಪಳಗಿದ ಕಂಠ ಅದು. ತಾಲೀಮಿಲ್ಲದೆ ಅದಕ್ಕೆ ಕೈ ಹಾಕಬೇಡಿ ಮಾರಾಯ್ರೆ. ಮೇಲಿನ ಷಡ್ಜದಲ್ಲಿ (ಮೇಲಿನ ‘ಸ’ ಸ್ವರದಲ್ಲಿ) ಗಂಟಲು ಕಟ್ಟಿದರೆ ಕರೋಕೆ ಟ್ರ್ಯಾಕಿನ, ಅಂದರೆ ದನಿಯಿಲ್ಲದ ಬರೀ ವಾದ್ಯದ ಹಾಡಿನ, ಶ್ರುತಿ ಒಂದು ಮನೆ (ಹಾರ್ಮೋನಿಯಂನ ಒಂದು ಕೀಲಿಯಷ್ಟು) ಇಳಿಸಿ. ತೀರಾ ಇಳಿಸಿದರೆ ತಬಲಾ ಸದ್ದು ಡಬ್ಬ ಬಡಿದ ಹಾಗಾಗುತ್ತದೆ.

ಫೋನಿನಿಂದ ಸ್ಪೀಕರಿಗೆ ಟ್ರ್ಯಾಕ್ ಹಾಕಲು ಬ್ಲೂಟೂತ್ ಬೇಡವೇ ಬೇಡ. ಸದ್ದು ಚೂರು ತಡವಾಗಿ ಬರುವುದರಿಂದ ಫೋನಿನ ಸಾಹಿತ್ಯ ನೋಡಿ ಹಾಡುವವರ ತಾಳ ತಪ್ಪುತ್ತದೆ. 3.5 ಎಂಎಂ ವೈರ್ ಇಲ್ಲಿದೆ. ಫೋನಿನಲ್ಲಿ ಆ ತೂತು ಇಲ್ಲದವರು ಕನೆಕ್ಟರ್ ತನ್ನಿ. ಟ್ರ್ಯಾಕ್ ಮೊದಲೇ ಡೌನ್‌ಲೋಡ್ ಆಗಿರಲಿ. ಗುಡುಗು ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಕರೆಂಟು, ನೆಟ್ಟು ಎರಡೂ ಒಟ್ಟಿಗೇ ಹೋಗ್ತವೆ, ಗೊತ್ತಲ್ಲ. ಹಾಡುವಾಗ ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಚರಣದ ನಡುವೆ ಫೋನ್ ಬರುತ್ತದೆ.

ಮೈಕು ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಕುಂಯ್ ಅಂತ ಕೂಗುತ್ತದೆ.