ನೊರೆ ಕಂಡರೆ ಹಾಲು ಕೊಡಬೇಡ

ಆ್ಯನ್ ಆರ್ಬರ್, ಮಿಷಿಗನ್

ಪ್ರೀತಿಯ ಅಕ್ಕನಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ತೀರ್ಥಹಳ್ಳಿಯಲ್ಲಿ ಮಳೆ ಹಿಡಿದಿದೆ ಎಂದು ಅಪ್ಪ ಹೇಳಿದರು. ನಿಮ್ಮ ಹೆರಿಗೆ ವಾರ್ಡಿನಲ್ಲಿ ಹುಟ್ಟಿದಾಗಿನಿಂದ ಬಾಯಿ ತುಂಬ ನೊರೆ ಬರುತ್ತಿದ್ದ ಕೂಸಿನ ಬಗ್ಗೆ ಕೇಳಿದ್ದೆಯಲ್ಲ, ಫೋನಿನಲ್ಲಿ ಅರ್ಧಕ್ಕೆ ನಿಂತದ್ದನ್ನು ಬರೆಯುತ್ತಿದ್ದೇನೆ. ನಿನ್ನ ಜೊತೆಯ ನರ್ಸ್‌ಗಳಿಗೂ ಓದಿ ಹೇಳು.

ಒರೆಸಿದಷ್ಟೂ ನೊರೆ ಉಕ್ಕುತ್ತಿದ್ದರೆ ಮೊದಲು ಅನ್ನನಾಳದ ಮೇಲೆ ಅನುಮಾನ ಪಡಬೇಕು. ಸುಮಾರು 3,000 ಹೆರಿಗೆಗಳಲ್ಲಿ ಒಂದು ಮಗುವಿಗೆ ಅನ್ನನಾಳ ಹೊಟ್ಟೆಯವರೆಗೆ ತಲುಪಿರುವುದಿಲ್ಲ. ಮೇಲಿನ ತುಂಡು ಮುಚ್ಚಿದ ಚೀಲದಂತೆ ಎದೆಯಲ್ಲೇ ನಿಂತಿರುತ್ತದೆ. ಕೆಳಗಿನ ತುಂಡು ಹೆಚ್ಚಿನ ಮಕ್ಕಳಲ್ಲಿ ಶ್ವಾಸನಾಳಕ್ಕೆ ಕೂಡಿಕೊಂಡಿರುತ್ತದೆ. ಹಾಲು ಕುಡಿಸಿದರೆ ಚೀಲ ತುಂಬಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಳಗಿನಿಂದ ಹೊಟ್ಟೆಯ ಆಮ್ಲವೂ ಅಲ್ಲಿಗೇ ನುಗ್ಗುತ್ತದೆ. ಅಜ್ಜಿಯಂದಿರು ನಾಲಿಗೆಗೆ ಹಚ್ಚುವ ಜೇನೂ ಬೇಡ.

ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಕಿಲ್ಲ. ಸ್ವಲ್ಪ ಗಟ್ಟಿಯಾದ ಟ್ಯೂಬನ್ನು ಬಾಯಿಯಿಂದ ಮೆಲ್ಲಗೆ ಇಳಿಸು. ಈ ತೊಂದರೆ ಇದ್ದರೆ 10 ಸೆಂಟಿಮೀಟರಿನ ಆಸುಪಾಸಿನಲ್ಲಿ ತಡೆಯುತ್ತದೆ. ತೀರಾ ಮೆತ್ತಗಿನ ಟ್ಯೂಬ್ ಚೀಲದೊಳಗೇ ಸುರುಳಿ ಸುತ್ತಿಕೊಂಡು ಒಳಗೆ ಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ. ಟ್ಯೂಬ್ ಇದ್ದಂತೆಯೇ ಎಕ್ಸ್‌ರೇ ತೆಗೆಸಿದರೆ ಅದು ನಿಂತ ಜಾಗ ಕಾಣುತ್ತದೆ. ಹೊಟ್ಟೆಯಲ್ಲಿ ಗಾಳಿ ಕಂಡರೆ ಕೆಳಗಿನ ತುಂಡು ಶ್ವಾಸನಾಳಕ್ಕೆ ಸೇರಿದೆ ಎಂದೇ ಅರ್ಥ. ಬಸುರಿಯಲ್ಲಿ ಗರ್ಭದ ನೀರು ಹೆಚ್ಚಾಗಿದ್ದು, ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆ ಸರಿಯಾಗಿ ಕಾಣದಿದ್ದರೆ ಆಗಲೇ ಎಚ್ಚರ ವಹಿಸಬೇಕು. ಆದರೆ ಸ್ಕ್ಯಾನಿಗೆ ಸಿಗದ ಮಕ್ಕಳೂ ಬಹಳ.

ಮಣಿಪಾಲಕ್ಕೆ ಕಳಿಸುವುದಾದರೆ ಆಗುಂಬೆ ಘಾಟಿ ಇಳಿಯುವಷ್ಟು ಹೊತ್ತೂ ಮಗುವಿನ ತಲೆ ಎತ್ತರದಲ್ಲಿರಲಿ, ಮೈ ಬೆಚ್ಚಗಿರಲಿ. ಬಾಯಲ್ಲೂ ಅನ್ನನಾಳದ ಮೇಲಿನ ಚೀಲದಲ್ಲೂ ಸೇರುವ ಜೊಲ್ಲನ್ನು ಸಕ್ಷನ್‌ನಿಂದ ಮತ್ತೆಮತ್ತೆ ಎಳೆಯುತ್ತಲೇ ಇರಬೇಕು. ಮಗುವಿನ ಜೀವ ನಿಂತಿರುವುದು ಇದರ ಮೇಲೆ.

ಈ ಊರಿನಲ್ಲೇ 1941ರಲ್ಲಿ ಕ್ಯಾಮರಾನ್ ಹೈಟ್ ಎಂಬ ಶಸ್ತ್ರವೈದ್ಯರು ಹೆಣ್ಣುಕೂಸೊಂದರ ಅನ್ನನಾಳದ ಎರಡೂ ತುದಿಗಳನ್ನು ಒಂದೇ ಸಲಕ್ಕೆ ಜೋಡಿಸಿ ಬದುಕಿಸಿದರು. ಜಗತ್ತಿನಲ್ಲಿ ಅದೇ ಮೊದಲು. ಮೊನ್ನೆ ಅಂಥದೇ ಶಸ್ತ್ರಚಿಕಿತ್ಸೆಯನ್ನು ಹತ್ತಿರ ನಿಂತು ನೋಡಿದೆ. ಬಲಗಡೆ ಪಕ್ಕೆಲುಬುಗಳ ನಡುವೆ ತೆರೆದು, ಶ್ವಾಸನಾಳಕ್ಕೆ ಕೂಡಿದ್ದ ಜಾಗವನ್ನು ಕತ್ತರಿಸಿ ಹೊಲಿದರು. ಆಮೇಲೆ ಭೂತಗನ್ನಡಿ ಧರಿಸಿದ ಕಣ್ಣುಗಳಿಂದ ಆ ಪುಟ್ಟ ತುದಿಗಳನ್ನು ಒಂದೊಂದೇ ಹೊಲಿಗೆ ಹಾಕಿ ಸೇರಿಸುವಾಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅದಕ್ಕೂ ಮುಂಚೆ ಹೃದಯದ ಸ್ಕ್ಯಾನ್ ಆಗಿತ್ತು. ಇಂಥ ಮಕ್ಕಳಲ್ಲಿ ಹೃದಯ, ಮೂತ್ರಪಿಂಡ, ಬೆನ್ನುಮೂಳೆ, ಗುದದ್ವಾರದ ತೊಂದರೆಗಳೂ ಜೊತೆಗಿರುವುದುಂಟು. ಗುದದ್ವಾರವನ್ನು ನೀನೇ ನೋಡಬಹುದು, ಮರೆಯಬೇಡ.

ಮನೆಗೆ ಹೋದ ಮೇಲೂ ಜೋಡಿಸಿದ ಜಾಗ ಬಿಗಿದುಕೊಂಡು ಹಿಗ್ಗಿಸಬೇಕಾಗಬಹುದು. ನಾಯಿ ಬೊಗಳಿದಂಥ ಕೆಮ್ಮು ಹಲವು ಮಕ್ಕಳಲ್ಲಿ ಬಹುಕಾಲ ಉಳಿಯುತ್ತದೆ. ಬೇರೆ ದೊಡ್ಡ ತೊಂದರೆಯಿಲ್ಲದೆ, ತೂಕ ಸರಿಯಾಗಿದ್ದು, ಬೇಗ ಕೈಗೆ ಸಿಕ್ಕಿದ ಮಕ್ಕಳಲ್ಲಿ ಬಹುಪಾಲು ಬದುಕುತ್ತಾರೆ ಅಕ್ಕಾ. ಇದನ್ನು ಆ ತಾಯಿಗೆ ಹೇಳು. ಗ್ರಹಣದಿಂದಲೋ ಅವಳು ತಿಂದದ್ದರಿಂದಲೋ ಹೀಗಾಗಿಲ್ಲ ಎಂದೂ ಅತ್ತೆಯ ಎದುರೇ ಹೇಳು.

ನಿಮ್ಮ ಆಂಬುಲೆನ್ಸಿನಲ್ಲಿ ಸಕ್ಷನ್ ಯಂತ್ರ ಕೆಲಸ ಮಾಡುತ್ತದೆಯೇ? ನೋಡಿ ತಿಳಿಸು. ಅಪ್ಪ ಅಮ್ಮನಿಗೆ ನಮಸ್ಕಾರ, ಭಾವನಿಗೂ.

ನಿನ್ನ ತಮ್ಮ