ಬಲೂನ್ ಸಾಕು, ಕಪಡೋಕಿಯಾದ ಗುಹೆಗಳ ಬಗ್ಗೆನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಟರ್ಕಿಯ ಕಪಡೋಕಿಯಾ ಬಗ್ಗೆ ಬಂದಿದ್ದ ಲೇಖನ ಓದ್ದೆ. ಫೋಟೋಗಳೇನೋ ಚೆನ್ನಾಗಿದ್ವು, ಆದ್ರೆ ಎಲ್ಲದ್ರಲ್ಲೂ ಬರೀ ಬಲೂನೇ! ನಾನೂ ಅಲ್ಲಿಗೆ ಹೋಗಿ ಬಂದವನು, ಬಲೂನ್ ಹತ್ತಿದವರನ್ನ ಬೈಯೋಕೆ ಈ ಪತ್ರ ಬರೀತಿಲ್ಲ, ಆದ್ರೆ ನಮ್ಮ ಪೇಪರ್‌ಗಳು, ಯೂಟ್ಯೂಬ್‌ನವರು, ಟೂರ್ ಕಂಪನಿಗಳು ಎಲ್ಲರೂ ಸೇರಿ ಆ ಊರಲ್ಲಿ ಜನ ಬದುಕಿದ್ರು ಅನ್ನೋದನ್ನೇ ಮರೆಸಿಬಿಟ್ಟಿದ್ದಾರೆ ಅನ್ಸತ್ತೆ.

ಮೊದ್ಲು ಆ ಕಲ್ಲಿನ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಗೊತ್ತಾಗದೆ ಮಿಕ್ಕಿದ್ದು ಅರ್ಥ ಆಗಲ್ಲ. ಎರ್ಜಿಯೆಸ್ (3,917 ಮೀಟರ್ ಎತ್ತರ, ತುದಿಯಲ್ಲಿ ಹಿಮ), ಹಸನ್ ಪರ್ವತ, ಇಂಥ ಜ್ವಾಲಾಮುಖಿಗಳು ಹತ್ತಾರು ಲಕ್ಷ ವರ್ಷಗಳ ಹಿಂದೆ ಉಗುಳಿದ ಬೂದಿ ದಪ್ಪಗೆ ಕೂತು ಟಫ್ ಅನ್ನೋ ಮೆತ್ತನೆ ಕಲ್ಲಾಗಿದೆ. ಮಳೆ, ಹಿಮ, ಗಾಳಿಗೆ ಅದು ಸವೀತಾನೇ ಇರತ್ತೆ, ಮೇಲೆ ಗಟ್ಟಿ ಕಲ್ಲು ಟೋಪಿ ಥರ ಕೂತಿರೋ ಕಡೆ ಮಾತ್ರ ಅದರ ಕೆಳಗಿನ ಭಾಗ ಕಂಬವಾಗಿ ಉಳ್ಕೊಳತ್ತೆ, ಅವನ್ನೇ ಫೇರಿ ಚಿಮ್ನಿ ಅಂತ ಕರೆಯೋದು. ಟೋಪಿ ಜಾರಿ ಬಿತ್ತು ಅಂದ್ರೆ ಆಮೇಲೆ ಕಂಬವೂ ಬೇಗ ಕರಗತ್ತೆ. ಈ ಕಲ್ಲನ್ನ ಕೈ ಉಳಿಯಲ್ಲೇ ಕೊರೀಬಹುದು, ಕೊರೆದ ಮೇಲೆ ಗಾಳಿ ತಾಗಿ ಮೇಲ್ಪದರ ಗಟ್ಟಿ ಆಗತ್ತೆ. ಮರ ಕಮ್ಮಿ ಇರೋ ಆ ಬೆಟ್ಟ ಬಯಲಲ್ಲಿ ಮನೆ ಕಟ್ಟೋದಕ್ಕಿಂತ ಮನೆ ಕೊರೆಯೋದೇ ಸಲೀಸು, ಬೇಸಿಗೆಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ಹಾಗೆ ಕೊರೆದ ಮನೆಗಳಲ್ಲಿ ಜನ ಇದ್ದಿದ್ದು ಯಾವುದೋ ಶಿಲಾಯುಗದಲ್ಲಿ ಅನ್ಕೋಬೇಡಿ. ಝೆಲ್ವೆ ಅನ್ನೋ ಊರಲ್ಲಿ 1952ರವರೆಗೂ ಸಂಸಾರಗಳಿದ್ವು, ಬಂಡೆ ಕುಸಿಯೋದು ಜಾಸ್ತಿ ಆಗಿ ಅಪಾಯ ಅಂತ ಸರ್ಕಾರನೇ ಎಲ್ಲರನ್ನೂ ಹೊಸ ಊರಿಗೆ ಕಳಿಸ್ತು. ಚರ್ಚೂ ಇದೆ, ಮಸೀದಿನೂ ಇದೆ, ಒಲೆಯ ಮಸಿ ಗೋಡೆ ಮೇಲೆ ಹಾಗೇ ಇದೆ. ಕಣಿವೆ ಗೋಡೆಗಳಲ್ಲಿ ಸಾಲಾಗಿ ಕಾಣೋ ಸಣ್ಣ ಸಣ್ಣ ಕಿಂಡಿಗಳು ಪಾರಿವಾಳದ ಗೂಡುಗಳು, ಹಿಕ್ಕೆ ಕೂಡಿಟ್ಟು ದ್ರಾಕ್ಷಿ ತೋಟಕ್ಕೆ ಗೊಬ್ಬರ ಹಾಕ್ತಿದ್ರಂತೆ. ಗೈಡ್‌ಗಳು ಇದನ್ನ ಒಂದೇ ಮಾತಲ್ಲಿ ಮುಗಿಸಿ ಕಾರ್ಪೆಟ್ ಅಂಗಡಿಗೆ ಕರ್ಕೊಂಡು ಹೋಗ್ತಾರೆ, ಅದು ಬೇರೆ ಕತೆ.

ಬಂಡೆಯಲ್ಲಿ ಕೊರೆದ ಚರ್ಚ್‌ಗಳಿರೋ ಗೊರೆಮೆ ಓಪನ್ ಏರ್ ಮ್ಯೂಸಿಯಂಗಂತೂ ಎಲ್ಲರೂ ಹೋಗ್ತಾರೆ, ಆದ್ರೆ ಕತ್ತಲ ಚರ್ಚ್ ಅಂತ ಒಂದಿದೆಯಲ್ಲ, ಅದಕ್ಕೆ ಬೇರೆ ಟಿಕೆಟ್ ಇರೋದ್ರಿಂದ ಅರ್ಧ ಜನ ಬಾಗಿಲಿಂದಲೇ ವಾಪಸ್. ದುಡ್ಡು ಹೋದ್ರೂ ಪರವಾಗಿಲ್ಲ ಹೋಗಿ ಅಂತ ನಾನು ಹೇಳ್ತೀನಿ. ಒಳಗೆ ಬೆಳಕು ತೀರಾ ಕಮ್ಮಿ ಬರೋದ್ರಿಂದ ಗೋಡೆ ಚಿತ್ರಗಳ ಬಣ್ಣ ಮಾಸಿಲ್ಲ, ನೀಲಿ ಇನ್ನೂ ನೀಲಿಯಾಗೇ ಇದೆ. ಪಕ್ಕದ ಬೇರೆ ಚರ್ಚ್‌ಗಳಲ್ಲಿ ಸಂತರ ಕಣ್ಣು ಕೆರೆದು ಹಾಕಿದ್ದಾರೆ, ಅದರ ಮೇಲೆ ಬಂದು ಹೋದವರ ಹೆಸರುಗಳು ಬೇರೆ, ಎಲ್ಲಿ ಹೋದ್ರೂ ಜನ ಒಂದೇ ಬಿಡಿ.

ಇನ್ನು ನೆಲದ ಕೆಳಗಿನ ಊರು. ದೆರಿನ್‌ಕುಯು ಸುಮಾರು 85 ಮೀಟರ್ ಆಳ, ನಮ್ಮ ಕಡೆ ಜೋಳ ತುಂಬಿಡೋ ಹಗೇವು ಇರತ್ತಲ್ಲ, ಅಂಥವು ಒಂದರ ಕೆಳಗೊಂದು ಕೊರೆದು ಓಣಿ ಕೂಡಿಸಿದ ಹಾಗೆ. ಮೇಲಿನ ಅಂತಸ್ತಲ್ಲಿ ದನಕರು ಕಟ್ಟೋ ಜಾಗ, ಆಮೇಲೆ ಅಡುಗೆಮನೆ, ಉಗ್ರಾಣ, ದ್ರಾಕ್ಷಿ ತುಳಿಯೋ ತೊಟ್ಟಿ, ಇನ್ನೂ ಕೆಳಗೆ ಚರ್ಚು. ಗಾಳಿಗೆ ಅಂತ ಉದ್ದಕ್ಕೆ ಕೊಳವೆ ಕೊರೆದಿದ್ದಾರೆ. ಓಣಿ ಮುಚ್ಚೋಕೆ ಬೀಸುಕಲ್ಲಿನ ಆಕಾರದ ದೊಡ್ಡ ಕಲ್ಲುಗಳಿವೆ, ಒಳಗಡೆಯಿಂದ ಮಾತ್ರ ಉರುಳಿಸೋಕಾಗೋದು. ಅರಬರ ದಾಳಿ ಕಾಲದಲ್ಲಿ ಜನ ಇಲ್ಲಿ ಅಡಗ್ತಿದ್ರು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅಷ್ಟಕ್ಕೇ ನಿಲ್ಲಲ್ಲ ಈ ಕತೆ. 1909ರಲ್ಲಿ ಆದಾನಾ ಅನ್ನೋ ಊರಲ್ಲಿ ಅರ್ಮೇನಿಯನ್ ಕ್ರಿಶ್ಚಿಯನ್ನರ ಹತ್ಯಾಕಾಂಡ ಆದ ಸುದ್ದಿ ಬಂದಾಗ ಕಪಡೋಕಿಯಾದ ಆಕ್ಸೋ ಅನ್ನೋ ಹಳ್ಳಿಯ ಗ್ರೀಕ್ ಕ್ರಿಶ್ಚಿಯನ್ನರು ಹೆದರಿ ಕೆಲವು ರಾತ್ರಿ ಇಂಥದೇ ಕೋಣೆಗಳಲ್ಲಿ ಮಲಗಿದ್ರಂತೆ, ಆ ಕಾಲದಲ್ಲಿ ಅಲ್ಲಿಯ ಗ್ರೀಕ್ ಭಾಷೆ ಅಧ್ಯಯನ ಮಾಡೋಕೆ ಹೋಗಿದ್ದ ಬ್ರಿಟಿಷ್ ವಿದ್ವಾಂಸ ಡಾಕಿನ್ಸ್ ಇದನ್ನ ಬರೆದಿಟ್ಟಿದ್ದಾರೆ.

ಆಮೇಲೆ 1923ರಲ್ಲಿ ಗ್ರೀಸ್ ಮತ್ತೆ ಟರ್ಕಿ ಜನರನ್ನೇ ಅದಲು ಬದಲು ಮಾಡ್ಕೊಳೋ ಒಪ್ಪಂದ ಆಯ್ತು. ಕಪಡೋಕಿಯಾದ ಗ್ರೀಕ್ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರು ಗ್ರೀಸಿಗೆ ಹೊರಡಬೇಕಾಯ್ತು, ಅವರಲ್ಲಿ ಎಷ್ಟೋ ಜನಕ್ಕೆ ಮನೆಮಾತು ಟರ್ಕಿಶ್ಶೇ, ಆದ್ರೂ ಧರ್ಮ ನೋಡಿ ಕಳಿಸಿಬಿಟ್ರು. 1963ರಲ್ಲಿ ಒಬ್ಬರು ಮನೆ ರಿಪೇರಿಗೆ ಗೋಡೆ ಒಡೆದಾಗ ದೆರಿನ್‌ಕುಯು "ಸಿಕ್ತು" ಅಂತ ಎಲ್ಲ ಕಡೆ ಬರೀತಾರಲ್ಲ, ನನಗನ್ಸೋದು ಅದು ಕಳೆದು ಹೋಗಿದ್ದೇ ಇಲ್ಲ, ದಾರಿ ಗೊತ್ತಿದ್ದವರನ್ನ ಊರು ಬಿಡಿಸಿ ನಲವತ್ತು ವರ್ಷ ಆಗಿತ್ತು ಅಷ್ಟೇ. ಇಷ್ಟು ವಿಷಯ ಇರೋ ಜಾಗಕ್ಕೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇರ್ಲಿಲ್ಲ ಅನ್ನೋದೇ ನನ್ನ ಬೇಜಾರು.

ಟೂರ್ ಕಂಪನಿಗಳ ವಿಷಯಕ್ಕೂ ಬರ್ತೀನಿ, ಹೆಸರು ಬೇಡ. ನಮ್ಮ ಗುಂಪಲ್ಲಿ ಮಂಡಿನೋವಿನ ಹಿರಿಯರಿದ್ರು, ಒಬ್ಬರಿಗೆ ಅಸ್ತಮಾ. ಕೆಳಗಿನ ಓಣಿಗಳಲ್ಲಿ ಬೆನ್ನು ಬಗ್ಗಿಸಿಕೊಂಡೇ ನಡೀಬೇಕು, ಎದುರಿಗೆ ಇನ್ನೊಂದು ಗುಂಪು ಬಂದ್ರೆ ನಿಂತು ಕಾಯ್ಬೇಕು, ತಿರುಗೋಕೂ ಜಾಗ ಇರಲ್ಲ, ಇದನ್ನ ಬುಕಿಂಗ್ ಟೈಮಲ್ಲಿ ಯಾರೂ ಹೇಳಿರ್ಲಿಲ್ಲ. ಪಾಪ ಅವರು ಅರ್ಧಕ್ಕೇ ಮೇಲೆ ಬಂದು ಬಸ್ಸಲ್ಲಿ ಕೂತ್ರು. ಅದೇ ಬಲೂನ್ ವಿಷಯಕ್ಕೆ ಬಂದ್ರೆ ಎಷ್ಟು ಗಂಟೆಗೆ ಏಳ್ಬೇಕು, ಯಾವ ಬಣ್ಣದ ಬಟ್ಟೆ ಹಾಕಿದ್ರೆ ಫೋಟೋ ಚೆನ್ನಾಗಿ ಬರತ್ತೆ ಅಂತೆಲ್ಲ ವಾಟ್ಸಾಪಲ್ಲಿ ಮೆಸೇಜ್ ಮೇಲೆ ಮೆಸೇಜು. ಗಾಳಿ ಜಾಸ್ತಿ ಇದ್ರೆ ಆ ದಿನ ಹಾರಾಟವೇ ಕ್ಯಾನ್ಸಲ್ ಆಗತ್ತೆ ಅನ್ನೋದನ್ನ ಮಾತ್ರ ಅಲ್ಲಿಗೆ ಹೋದ ಮೇಲೆ ಹೇಳಿದ್ರು.

ಮುಂದಿನ ಸಲ ನೀವು ಬಲೂನ್ ಫೋಟೋ ಹಾಕಿದ್ರೂ ಸರಿ, ಪಕ್ಕದಲ್ಲಿ ಒಂದು ಬಾಕ್ಸಲ್ಲಿ ದೆರಿನ್‌ಕುಯು, ಝೆಲ್ವೆ ಎರಡಕ್ಕೂ ಅರ್ಧ ಅರ್ಧ ದಿನ ಇಟ್ಕೊಳಿ, ಮಂಡಿ, ಉಸಿರಾಟ, ಇಕ್ಕಟ್ಟಿನ ಭಯ ಇರೋರು ಮೊದ್ಲೇ ಕೇಳ್ಕೊಂಡು ಹೋಗಿ, ಒಳಗೆ ಇಳಿಯೋಕಾಗದವರು ಉಚ್‌ಹಿಸಾರ್ ಕೋಟೆ ಬಂಡೆನ ಕೆಳಗಿಂದ ನೋಡಿ, ಪಾರಿವಾಳ ಕಣಿವೆ ಅಂಚಲ್ಲಿ ನಿಧಾನಕ್ಕೆ ಓಡಾಡಿ ಅಂತ ನಾಲ್ಕು ಸಾಲು ಹಾಕಿ. ಬೇಕಿದ್ರೆ ನನ್ನ ಹತ್ರ ಗುಹೆ ಮನೆಗಳ ಫೋಟೋ ಇವೆ, ಕಳಿಸ್ತೀನಿ, ಬಲೂನ್ ಒಂದ್ರಲ್ಲೂ ಇಲ್ಲ.

ಇಂತಿ,
ನಿಮ್ಮ ಹಳೇ ಓದುಗ